ಗೋಡೆಯಲ್ಲಿ ತೂತು ಅಂದರೆ ಬೈಗುಳವೇ? (ಒಂದು ಇಂಗ್ಲಿಷ್ ಮಾತಿನ ಅರ್ಥ ಮತ್ತು ಬಳಕೆ)



ಈ ತಿಂಗಳ ಗೋಡೆ ಪತ್ರಿಕೆಗೆ ನಾನು ಒಂದು ಇಂಗ್ಲಿಷ್ ಮಾತಿನ ಬಗ್ಗೆ ಬರೆಯುತ್ತಿದ್ದೇನೆ. ಆ ಮಾತು ‘ಹೋಲ್ ಇನ್ ದಿ ವಾಲ್’. ಇದರಲ್ಲಿ ಇರೋದು ನಾಲ್ಕೇ ಪದ. ನಾಲ್ಕೂ ನಮಗೆ ಗೊತ್ತಿರೋ ಪದಗಳೇ. ಆದರೂ ಇದರ ಅರ್ಥ ತಪ್ಪು ಮಾಡಿಕೊಂಡು ನಮ್ಮ ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ಮಾತಾಡಲಿಲ್ಲ. ತಪ್ಪು ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ. ಅದಕ್ಕೇ ಇಂಗ್ಲಿಷ್ ಮೇಷ್ಟ್ರು ‘ನೀನೇ ಬರೆ, ಎಲ್ಲರಿಗೂ ಉಪಯೋಗ ಆಗುತ್ತೆ’ ಅಂದರು. ಲೇಖನ ಸ್ವಲ್ಪ ಉದ್ದ ಇದೆ. ನಾಲ್ಕು ಹಾಳೆ ಆಗಿದೆ. ಎಡಗಡೆಯಿಂದ ಬಲಗಡೆಗೆ ಓದಿಕೊಂಡು ಬನ್ನಿ. ಹಿಂದೆ ನಿಂತವರಿಗೆ ಕಾಣುವಂತೆ ಸ್ವಲ್ಪ ಪಕ್ಕಕ್ಕೆ ಸರಿಯಿರಿ.

ನಡೆದದ್ದು ಏನು?

ನಮ್ಮ ಅಮ್ಮನ ಇಡ್ಲಿ ಹೋಟೆಲು ನಿಮಗೆಲ್ಲ ಗೊತ್ತು. ಎರಡು ದೊಡ್ಡ ಕಟ್ಟಡಗಳ ನಡುವಿನ ಸಂದಿಯಲ್ಲಿದೆ. ಬಾಗಿಲು ಎಷ್ಟು ಗಿಡ್ಡ ಅಂದರೆ ದೊಡ್ಡವರು ತಲೆ ತಗ್ಗಿಸಿಯೇ ಒಳಗೆ ಬರಬೇಕು. ತಗ್ಗಿಸದೆ ಬಂದು ಹಣೆ ಬಡಿಸಿಕೊಂಡವರು ಈ ಊರಲ್ಲಿ ಬಹಳ ಜನ ಇದ್ದಾರೆ. ಬೋರ್ಡು ಇಲ್ಲ. ಒಳಗೆ ಎರಡು ಬೆಂಚು, ಒಂದು ಒಲೆ, ಒಂದು ಹಂಡೆ. ಅಷ್ಟೇ.

ಬೇಸಿಗೆಯಲ್ಲಿ ಒಂದು ಭಾನುವಾರ ಕಾರಿನಲ್ಲಿ ದೂರದ ಊರಿನವರು ಇಬ್ಬರು ಬಂದು ಇಡ್ಲಿ ತಿಂದರು. ಹೋಗುವಾಗ ಅವರಲ್ಲಿ ಒಬ್ಬರು ಬಾಗಿಲಲ್ಲಿ ಬಗ್ಗಿ, ತಿರುಗಿ ನೋಡಿ, ಇನ್ನೊಬ್ಬರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ನಾನು ಲೋಟ ತೊಳೆಯುತ್ತಿದ್ದೆ. ನಲ್ಲಿ ಸದ್ದಿನಲ್ಲಿ ನನಗೆ ಕೇಳಿಸಿದ್ದು ಕೊನೆಯ ನಾಲ್ಕು ಪದ ಮಾತ್ರ. ಹೋಲ್ ಇನ್ ದಿ ವಾಲ್.

ಅವರು ಹೋದಮೇಲೆ ಅಮ್ಮ ‘ಏನಂದ್ರೇ ಅವರು?’ ಅಂತ ಕೇಳಿದಳು. ನನಗೆ ಇಂಗ್ಲಿಷ್ ಬರುತ್ತೆ ಅಂತ ತೋರಿಸಿಕೊಳ್ಳೋ ಆಸೆ. ಹಿಂದೆ ಮುಂದೆ ನೋಡದೆ ‘ನಮ್ಮ ಹೋಟ್ಲು ಗೋಡೆಯಲ್ಲಿರೋ ತೂತು ಅಂದ್ರು’ ಅಂದುಬಿಟ್ಟೆ. ಅಮ್ಮ ಏನೂ ಮಾತಾಡಲಿಲ್ಲ. ಸೆರಗಿನಿಂದ ಬೆಂಚು ಒರೆಸಿದಳು. ಒರೆಸಿದ್ದ ಬೆಂಚನ್ನೇ ಇನ್ನೊಂದು ಸಲ ಒರೆಸಿದಳು.

ಮರುದಿನ ಗಾರೆ ಕೆಲಸದವರನ್ನು ಕರೆಸಿ, ಬಾಗಿಲು ಒಡೆದು ದೊಡ್ಡದು ಮಾಡಿದರೆ ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿಸಿದಳು. ಮಳೆಗಾಲಕ್ಕೆ ಮುಂಚೆ ಮನೆಯ ಹೆಂಚು ಸರಿ ಮಾಡಿಸೋಕೆ ಅಂತ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟಿದ್ದ ದುಡ್ಡು ಇತ್ತು. ಅದನ್ನು ತೆಗೆದು ಎಣಿಸೋದು ನಾನು ನೋಡಿದೆ. ನಮ್ಮ ಮನೆ ಎಲ್ಲೆಲ್ಲಿ ಸೋರುತ್ತೆ ಅಂತ ನನಗೆ ಗೊತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೆಯ ದಿನ ಇಂಗ್ಲಿಷ್ ಮೇಷ್ಟ್ರ ಹತ್ತಿರ ಹೋಗಿ ಎಲ್ಲ ಹೇಳಿದೆ.

ಮೇಷ್ಟ್ರು ಬೈಯಲಿಲ್ಲ. ಎರಡು ಪ್ರಶ್ನೆ ಕೇಳಿದರು. ಒಂದು, ‘ಅರ್ಥ ನಿಘಂಟಿನಲ್ಲಿ ನೋಡಿದೆಯಾ?’ ಎರಡು, ‘ಆ ನಾಲ್ಕು ಪದಕ್ಕೆ ಮುಂಚೆ ಏನಂದರು?’ ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಮೇಷ್ಟ್ರು ಹೇಳಿಕೊಟ್ಟದ್ದು, ಪುಸ್ತಕಗಳಲ್ಲಿ ನೋಡಿ ಟಿಪ್ಪಣಿ ಮಾಡಿಕೊಂಡದ್ದು ಎಲ್ಲ ಸೇರಿಸಿ ಕೆಳಗೆ ಬರೆದಿದ್ದೇನೆ.

ಪದ ಪದ ಬಿಡಿಸಿದರೆ

‘ಹೋಲ್’ ಅಂದರೆ ತೂತು, ರಂಧ್ರ, ಬಿಲ. ಇಲಿಯ ಬಿಲಕ್ಕೂ ಇದೇ ಪದ, ಸೂಜಿ ಚುಚ್ಚಿದ ತೂತಿಗೂ ಇದೇ ಪದ. ಟೊಳ್ಳು ಅನ್ನೋದಕ್ಕೆ ಇಂಗ್ಲಿಷಿನಲ್ಲಿ ‘ಹಾಲೋ’ ಅನ್ನುತ್ತಾರಲ್ಲ, ಅದೂ ಇದೂ ಒಂದೇ ಬಳಗದ ಪದಗಳು. ‘ವಾಲ್’ ಅಂದರೆ ಗೋಡೆ. ‘ಇನ್’ ಅಂದರೆ ಒಳಗೆ.

ಇಲ್ಲಿ ಒಂದು ವ್ಯಾಕರಣ ಕಲಿಯಬಹುದು. ನಾವು ಕನ್ನಡದಲ್ಲಿ ‘ಗೋಡೆಯಲ್ಲಿ ತೂತು ಇದೆ’, ‘ಗೋಡೆಯಲ್ಲಿ ಚಿತ್ರ ಇದೆ’ ಅಂತ ಎರಡಕ್ಕೂ ‘ಅಲ್ಲಿ’ ಹಾಕಬಹುದು. ಇಂಗ್ಲಿಷಿನಲ್ಲಿ ಹಾಗಲ್ಲ. ಚಿತ್ರ, ಕ್ಯಾಲೆಂಡರ್, ಹಲ್ಲಿ ಇವೆಲ್ಲ ಗೋಡೆಯ ಮೇಲ್ಮೈಗೆ ಅಂಟಿಕೊಂಡಿರುತ್ತವೆ. ಆದ್ದರಿಂದ ‘ಆನ್ ದಿ ವಾಲ್’. ತೂತು ಗೋಡೆಯ ದಪ್ಪದೊಳಗೆ ಇರುತ್ತದೆ. ಆದ್ದರಿಂದ ‘ಇನ್ ದಿ ವಾಲ್’. ನಮ್ಮ ಈ ಪತ್ರಿಕೆ ‘ಆನ್ ದಿ ವಾಲ್’. ಪಕ್ಕದಲ್ಲಿ ಮೊಳೆ ಕಿತ್ತು ಬಂದ ಜಾಗ ಇದೆಯಲ್ಲ, ಅದು ‘ಇನ್ ದಿ ವಾಲ್’. ಪರೀಕ್ಷೆಯಲ್ಲಿ ಇದನ್ನು ಕೇಳಿದರೆ ಇನ್ನು ಮೇಲೆ ಯಾರೂ ತಪ್ಪು ಮಾಡಬಾರದು.

ಆದರೆ ಪದ ಪದ ಬಿಡಿಸಿದರೆ ನುಡಿಗಟ್ಟಿನ ಅರ್ಥ ಸಿಗೋದಿಲ್ಲ. ನಮ್ಮಲ್ಲಿ ‘ಅವನು ಕೈಕೊಟ್ಟ’ ಅಂದರೆ ಕೈ ಕತ್ತರಿಸಿ ಕೊಟ್ಟ ಅಂತ ಅಲ್ಲ. ‘ಹೊಟ್ಟೆಕಿಚ್ಚು’ ಅಂದರೆ ಹೊಟ್ಟೆಗೆ ಬೆಂಕಿ ಬಿದ್ದಿಲ್ಲ. ಇಂಗ್ಲಿಷಿನವರು ನಿಘಂಟು ಇಟ್ಟುಕೊಂಡು ಇದನ್ನು ಪದ ಪದ ಅನುವಾದ ಮಾಡಿದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ನಾನು ಮಾಡಿದ್ದು ಅದೇ ಕೆಲಸ.

ಮೊದಲನೇ ಅರ್ಥ: ಚಿಕ್ಕ ಬಾಗಿಲಿನ ಅಂಗಡಿ

‘ಹೋಲ್ ಇನ್ ದಿ ವಾಲ್’ ಅಂದರೆ ತುಂಬಾ ಚಿಕ್ಕದಾದ, ಆಡಂಬರ ಇಲ್ಲದ ಅಂಗಡಿ ಅಥವಾ ಹೋಟೆಲು. ದೊಡ್ಡ ಊರುಗಳಲ್ಲಿ ಬೀದಿಯ ಉದ್ದಕ್ಕೂ ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ದೂರದಿಂದ ನೋಡಿದರೆ ಇಡೀ ಬೀದಿಯೇ ಒಂದು ಉದ್ದ ಗೋಡೆ. ಅದರ ನಡುವೆ ಒಂದು ಕಿರಿದಾದ ಬಾಗಿಲು ಇರುತ್ತದೆ. ಗಾಜು ಇಲ್ಲ, ಬಣ್ಣದ ದೀಪ ಇಲ್ಲ. ನೋಡಿದವರಿಗೆ ಗೋಡೆಯಲ್ಲಿ ಒಂದು ತೂತು ಮಾಡಿ ಅಂಗಡಿ ಇಟ್ಟಂತೆ ಕಾಣುತ್ತದೆ. ಅದರಿಂದ ಆ ಹೆಸರು.

ಇದು ನಿನ್ನೆ ಮೊನ್ನೆಯ ಹೆಸರಲ್ಲ. ಇಂಗ್ಲೆಂಡಿನಲ್ಲಿ ಬಹಳ ಹಿಂದಿನಿಂದ ಹಲವು ಹೆಂಡದಂಗಡಿಗಳಿಗೆ ಈ ಹೆಸರೇ ಇತ್ತು. ಲಂಡನ್ನಿನ ಚಾಂಡೋಸ್ ಬೀದಿಯಲ್ಲಿ ಅಂಥ ಒಂದು ಅಂಗಡಿ ಇತ್ತು. ಕ್ಲಾಡ್ ಡುವಾಲ್ ಅನ್ನೋ ಹೆಸರಾಂತ ದಾರಿಗಳ್ಳ ಅಲ್ಲೇ ಕುಡಿದು ಸಿಕ್ಕಿಬಿದ್ದ. ಅವನನ್ನು 1670ರಲ್ಲಿ ಗಲ್ಲಿಗೆ ಹಾಕಿದರು. ಅಂದರೆ ಈ ಹೆಸರಿಗೆ ಕನಿಷ್ಠ ಮುನ್ನೂರೈವತ್ತು ವರ್ಷ ವಯಸ್ಸು.

ಈಗ ಮುಖ್ಯ ಪ್ರಶ್ನೆ. ಇದು ಹೊಗಳಿಕೆಯೋ ತೆಗಳಿಕೆಯೋ?

ನಿಘಂಟು ತೆರೆದಾಗ ಚಿಕ್ಕದು, ಕತ್ತಲೆ ಇರುವಂಥದ್ದು ಅಂತ ಕಂಡು ನನ್ನ ಎದೆ ಧಸಕ್ಕೆಂದಿತು. ಮೇಷ್ಟ್ರು ‘ಪೂರ್ತಿ ಓದು’ ಅಂದರು. ವಿಷಯ ಏನಪ್ಪಾ ಅಂದರೆ, ಇದು ಎರಡೂ ಆಗಬಹುದು. ಹಿಂದೆ ಇದರಲ್ಲಿ ಕೀಳಾಗಿ ಕಾಣುವ ಭಾವ ಹೆಚ್ಚಿತ್ತು. ಈಗ ಬಹಳ ಸಲ, ಅದರಲ್ಲೂ ಊಟದ ವಿಷಯ ಬಂದಾಗ, ಪ್ರೀತಿಯಿಂದ ಹೇಳುವ ಮಾತಾಗಿದೆ. ಅಮೆರಿಕದಲ್ಲಿ ದೊಡ್ಡ ಹೋಟೆಲಿಗೆ ಹೋಗದೆ, ಗಲ್ಲಿಯಲ್ಲಿರುವ ಪುಟ್ಟ ಹೋಟೆಲು ಹುಡುಕಿಕೊಂಡು ಹೋಗಿ, ‘ನನಗೊಂದು ಹೋಲ್ ಇನ್ ದಿ ವಾಲ್ ಗೊತ್ತು’ ಅಂತ ಗುಟ್ಟು ಹೇಳುವಂತೆ ಸ್ನೇಹಿತರಿಗೆ ಹೇಳುವವರು ಇದ್ದಾರೆ. ಬೇರೆ ದೇಶದಿಂದ ಬಂದು ನೆಲೆಸಿದವರು ಕಡಿಮೆ ಬಂಡವಾಳದಲ್ಲಿ ಮನೆಮಂದಿಯೇ ಸೇರಿ ನಡೆಸುವ ಹೋಟೆಲುಗಳನ್ನು ಹೆಚ್ಚಾಗಿ ಹೀಗೆ ಕರೆಯುತ್ತಾರೆ. ಹೊರಗಡೆಗೆ ಖರ್ಚು ಮಾಡಿಲ್ಲ, ಅಡುಗೆಗೆ ಮಾತ್ರ ಮಾಡಿದ್ದಾರೆ ಅನ್ನೋ ಭಾವ ಅದರಲ್ಲಿದೆ. ‘ಹೊರಗೆ ಥಳಕು, ಒಳಗೆ ಹುಳುಕು’ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಅದನ್ನು ತಿರುವಿ ಹಾಕಿದರೆ ಹೇಗೋ ಹಾಗೆ.

ಹಾಗಾದರೆ ಯಾವಾಗ ಯಾವ ಅರ್ಥ ಅಂತ ಗುರುತಿಸೋದು ಹೇಗೆ? ಅಕ್ಕಪಕ್ಕದ ಪದ ನೋಡಬೇಕು. ಉದಾಹರಣೆಗಳು:

1. ‘ಅದೊಂದು ಕೊಳಕು ಹೋಲ್ ಇನ್ ದಿ ವಾಲ್, ಅಲ್ಲಿಗೆ ಹೋಗಬೇಡ.’ ಇಲ್ಲಿ ತೆಗಳಿಕೆ.
2. ‘ಸ್ಟೇಷನ್ ಹಿಂದೆ ಒಂದು ಹೋಲ್ ಇನ್ ದಿ ವಾಲ್ ಇದೆ, ಅಲ್ಲಿಯ ಸಾರು ಬೇರೆ ಎಲ್ಲೂ ಸಿಗಲ್ಲ.’ ಇಲ್ಲಿ ಹೊಗಳಿಕೆ.
3. ‘ಅವರ ಆಫೀಸು ಒಂದು ಹೋಲ್ ಇನ್ ದಿ ವಾಲ್.’ ಇಲ್ಲಿ ಬರೀ ಚಿಕ್ಕದು ಅಂತ. ಹೇಳುವವರ ಮುಖ ನೋಡಿ ಉಳಿದದ್ದು ತಿಳಿಯಬೇಕು.

ಒಂದು ಎಚ್ಚರಿಕೆ. ಬರೀ ‘ಹೋಲ್’ ಅಂತ ಒಂದೇ ಪದದಲ್ಲಿ ಒಬ್ಬರ ಮನೆಯನ್ನೋ ಊರನ್ನೋ ಕರೆದರೆ ಅದು ಬೈಗುಳವೇ. ಗಲೀಜು ಜಾಗ ಅಂತ ಅರ್ಥ. ‘ಇನ್ ದಿ ವಾಲ್’ ಸೇರಿದಾಗಲೇ ಅದರ ಬಣ್ಣ ಬದಲಾಗೋದು. ಹೋಟೆಲಿನ ಬಗ್ಗೆ ಇಂಥವೇ ಇನ್ನೂ ಮಾತುಗಳಿವೆ. ಎಣ್ಣೆಯಲ್ಲಿ ಕರಿದದ್ದು ಮಾರುವ ಅಗ್ಗದ ಹೋಟೆಲಿಗೆ ‘ಗ್ರೀಸಿ ಸ್ಪೂನ್’, ಅಂದರೆ ಜಿಡ್ಡು ಚಮಚ ಅನ್ನುತ್ತಾರೆ. ಗಂಡ ಹೆಂಡತಿ ಮಕ್ಕಳು ಸೇರಿ ನಡೆಸುವ ಅಂಗಡಿಗೆ ಅಮೆರಿಕದಲ್ಲಿ ‘ಮಾಮ್ ಅಂಡ್ ಪಾಪ್’, ಅಂದರೆ ಅಮ್ಮ ಅಪ್ಪನ ಅಂಗಡಿ ಅನ್ನುತ್ತಾರೆ.

ಬರೆಯೋದು ಹೇಗೆ?

ಒಂಟಿಯಾಗಿ ಬಂದಾಗ ನಾಲ್ಕು ಪದ ಬಿಡಿಬಿಡಿಯಾಗಿ ಬರೆದರೂ ನಡೆಯುತ್ತದೆ. ಆದರೆ ಇನ್ನೊಂದು ನಾಮಪದದ ಮುಂದೆ ಗುಣವಾಚಕವಾಗಿ ಬಂದಾಗ ನಡುವೆ ಪುಟ್ಟ ಅಡ್ಡಗೆರೆ ಹಾಕಿ ನಾಲ್ಕನ್ನೂ ಕಟ್ಟಬೇಕು. ‘ಎ ಹೋಲ್-ಇನ್-ದಿ-ವಾಲ್ ರೆಸ್ಟೋರೆಂಟ್’. ನಾವು ಕನ್ನಡದಲ್ಲಿ ಸಮಾಸ ಮಾಡಿದಂತೆ ಇಂಗ್ಲಿಷಿನವರು ಗೆರೆ ಹಾಕಿ ಗಂಟು ಹಾಕುತ್ತಾರೆ ಅಂತ ನೆನಪಿಟ್ಟುಕೊಂಡರೆ ಸುಲಭ.

ಎರಡನೇ ಅರ್ಥ: ದುಡ್ಡು ಕೊಡುವ ತೂತು

ಇದು ಬ್ರಿಟನ್ನಿನಲ್ಲಿ ಮಾತ್ರ ಹೆಚ್ಚಾಗಿ ಬಳಸುವ ಅರ್ಥ. ಅಲ್ಲಿ ಯಾರಾದರೂ ‘ತಾಳು, ಹೋಲ್ ಇನ್ ದಿ ವಾಲ್‌ಗೆ ಹೋಗಿ ಬರ್ತೀನಿ’ ಅಂದರೆ ಇಡ್ಲಿ ತಿನ್ನೋಕೆ ಹೊರಟರು ಅಂದುಕೊಳ್ಳಬೇಡಿ. ಅವರು ದುಡ್ಡು ತರೋಕೆ ಹೊರಟಿದ್ದಾರೆ. ನಾವು ಎಟಿಎಂ ಅನ್ನೋದನ್ನೇ ಅವರು ಹಾಗೆ ಕರೆಯುತ್ತಾರೆ. ನಮ್ಮಲ್ಲಿ ಎಟಿಎಂ ಅಂದರೆ ಹೆಚ್ಚಾಗಿ ಗಾಜಿನ ಬಾಗಿಲಿನ ಒಂದು ಕೋಣೆ. ಅಲ್ಲಿ ಬಹಳ ಕಡೆ ಬ್ಯಾಂಕಿನ ಹೊರಗೋಡೆಯಲ್ಲೇ ಯಂತ್ರ ಕೂರಿಸಿರುತ್ತಾರೆ. ರಸ್ತೆಯಲ್ಲಿ ನಿಂತುಕೊಂಡೇ ದುಡ್ಡು ತೆಗೆಯಬಹುದು. ಗೋಡೆಯಲ್ಲಿ ತೂತು, ತೂತಿನಿಂದ ನೋಟು.

ಇದರ ಕಥೆಯೂ ಚೆನ್ನಾಗಿದೆ. 1967ರ ಜೂನ್ 27ರಂದು ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡ್ ಅನ್ನೋ ಕಡೆ ಬಾರ್ಕ್ಲೇಸ್ ಬ್ಯಾಂಕಿನವರು ಇಂಥ ಯಂತ್ರ ಶುರು ಮಾಡಿದರು. ಮೊದಲು ದುಡ್ಡು ತೆಗೆದವರು ರೆಗ್ ವಾರ್ನಿ ಅನ್ನೋ ನಟ. ಆಗ ಪ್ಲಾಸ್ಟಿಕ್ ಕಾರ್ಡು ಇರಲಿಲ್ಲ. ಬ್ಯಾಂಕಿನಿಂದ ಮೊದಲೇ ಪಡೆದ ವಿಶೇಷ ಕಾಗದದ ಚೀಟಿಯನ್ನು ಯಂತ್ರಕ್ಕೆ ಹಾಕಬೇಕಿತ್ತು. ಯಂತ್ರ ಗುರುತು ಹಿಡಿಯಲಿ ಅಂತ ಚೀಟಿಗೆ ಇಂಗಾಲ-14 ಅನ್ನೋ ವಿಕಿರಣ ವಸ್ತುವನ್ನು ಬಹಳ ಕಡಿಮೆ ಪ್ರಮಾಣದಲ್ಲಿ ಸೇರಿಸಿದ್ದರು. ಒಂದು ಚೀಟಿಗೆ 10 ಪೌಂಡು ಸಿಗುತ್ತಿತ್ತು.

ಈ ಯಂತ್ರದ ಹಿಂದೆ ಇದ್ದವರು ಜಾನ್ ಶೆಪರ್ಡ್-ಬ್ಯಾರನ್. ಇವರು ಹುಟ್ಟಿದ್ದು ಎಲ್ಲಿ ಗೊತ್ತೇ? ನಮ್ಮ ದೇಶದಲ್ಲೇ, ಶಿಲ್ಲಾಂಗಿನಲ್ಲಿ, 1925ರಲ್ಲಿ! ಶಿಲ್ಲಾಂಗ್ ಈಗ ಮೇಘಾಲಯದ ರಾಜಧಾನಿ ಅಂತ ನಾವು ಸಮಾಜ ವಿಜ್ಞಾನದಲ್ಲಿ ಬಾಯಿಪಾಠ ಮಾಡಿದ್ದೇವೆ. ಒಂದು ಸಲ ಬ್ಯಾಂಕು ಬಾಗಿಲು ಹಾಕಿಬಿಟ್ಟಿದ್ದರಿಂದ ಅವರಿಗೆ ತಮ್ಮದೇ ದುಡ್ಡು ಸಿಗಲಿಲ್ಲವಂತೆ. ಆಮೇಲೆ ಸ್ನಾನ ಮಾಡುವಾಗ, ಕಾಸು ಹಾಕಿದರೆ ಚಾಕಲೇಟು ಕೊಡುವ ಯಂತ್ರ ನೆನಪಾಗಿ, ಚಾಕಲೇಟಿನ ಬದಲು ನೋಟು ಯಾಕೆ ಬರಬಾರದು ಅಂತ ಹೊಳೆಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಗುಪ್ತ ಸಂಖ್ಯೆಯನ್ನು ಮೊದಲು ಆರು ಅಂಕಿ ಮಾಡೋಣ ಅಂತ ಇದ್ದರು. ಅಡುಗೆಮನೆಯ ಮೇಜಿನ ಹತ್ತಿರ ಕೂತು ಹೆಂಡತಿಯನ್ನು ಕೇಳಿದಾಗ, ‘ನನಗೆ ನಾಲ್ಕೇ ಅಂಕಿ ನೆನಪಿರೋದು’ ಅಂದರಂತೆ. ಅದಕ್ಕೆ ನಾಲ್ಕು ಅಂಕಿ ಆಯಿತು. ಆದರೆ ಇದರ ಕೀರ್ತಿ ಒಬ್ಬರದೇ ಅಲ್ಲ. ಕಾರ್ಡು ಹಾಕಿ ಗುಪ್ತ ಸಂಖ್ಯೆ ಒತ್ತುವ ವಿಧಾನಕ್ಕೆ ಸ್ಕಾಟ್ಲೆಂಡಿನ ಜೇಮ್ಸ್ ಗುಡ್‌ಫೆಲೊ ಅನ್ನೋ ಎಂಜಿನಿಯರು 1966ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಭಾರತದಲ್ಲಿ ಮೊದಲ ಎಟಿಎಂ ಬಂದದ್ದು 1987ರಲ್ಲಿ, ಮುಂಬಯಿಯಲ್ಲಿ.

ನೆನಪಿಡಲು ಒಂದು ಉಪಾಯ: ಬ್ರಿಟನ್ನಿನವರು ‘ದಿ ಹೋಲ್ ಇನ್ ದಿ ವಾಲ್’ ಅಂದರೆ ಹೆಚ್ಚಾಗಿ ದುಡ್ಡಿನ ಯಂತ್ರ. ‘ಎ ಹೋಲ್ ಇನ್ ದಿ ವಾಲ್’ ಅಂದರೆ ಹೆಚ್ಚಾಗಿ ಚಿಕ್ಕ ಅಂಗಡಿ. ಅಮೆರಿಕದವರು ಎಟಿಎಂಗೆ ಹೀಗೆ ಹೇಳೋ ರೂಢಿ ಇಲ್ಲ. ಒಂದೇ ಭಾಷೆ ಆದರೂ ದೇಶ ಬದಲಾದರೆ ಅರ್ಥ ಬದಲಾಗುತ್ತದೆ.

ಇದೇ ಹೆಸರಿನ ಇನ್ನೂ ಕೆಲವು

ಕಳ್ಳರ ಅಡಗುತಾಣ: ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಉದ್ದಕ್ಕೆ ಗೋಡೆಯಂತೆ ಕೆಂಪು ಬಂಡೆಯ ಸಾಲು ಇದೆ. ಅದರಲ್ಲಿ ಒಂದು ಕಡೆ ಮಾತ್ರ ಹತ್ತಿ ದಾಟುವ ಕಡಿದಾದ ದಾರಿ. ಅದರ ಹೆಸರೂ ‘ಹೋಲ್ ಇನ್ ದಿ ವಾಲ್’. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ದನ, ಕುದುರೆ ಕದಿಯುವವರು, ದರೋಡೆಕೋರರು ಅಲ್ಲಿ ಅಡಗಿರುತ್ತಿದ್ದರು. ದಾರಿ ಇಕ್ಕಟ್ಟು, ಮೇಲಿನಿಂದ ನೋಡಿದರೆ ಬರುವವರೆಲ್ಲ ಕಾಣುತ್ತಿದ್ದರು. ಬುಚ್ ಕ್ಯಾಸಿಡಿ ಅನ್ನೋ ದರೋಡೆಕೋರ ಅವರಲ್ಲಿ ಹೆಸರುವಾಸಿ. 1969ರಲ್ಲಿ ಅವನ ಕಥೆ ಸಿನಿಮಾ ಆಯಿತು. ಅವನ ಪಾತ್ರ ಮಾಡಿದ ನಟ ಪಾಲ್ ನ್ಯೂಮನ್, 1988ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ದೊಡ್ಡ ಕಾಯಿಲೆ ಇರುವ ಮಕ್ಕಳು ಆಟವಾಡಿಕೊಂಡು ಇರಲಿ ಅಂತ ಒಂದು ಶಿಬಿರ ಕಟ್ಟಿಸಿದರು. ಅದಕ್ಕೆ ಇಟ್ಟದ್ದು ಆ ಕಳ್ಳರ ಗುಂಪಿನ ಹೆಸರನ್ನೇ. ಕಳ್ಳರ ತೂತು ಮಕ್ಕಳ ಶಿಬಿರ ಆಯಿತು ನೋಡಿ.

ನಿಜವಾದ ತೂತಿನ ಅಂಗಡಿ: ಇಟಲಿಯ ಫ್ಲಾರೆನ್ಸ್ ಊರಿನಲ್ಲಿ ಹಳೆಯ ದೊಡ್ಡ ಮನೆಗಳ ಗೋಡೆಗಳಲ್ಲಿ ಒಂದು ಬಾಟಲಿ ತೂರುವಷ್ಟು ಚಿಕ್ಕ ಕಿಂಡಿಗಳಿವೆ. ಇಂಥವು ನೂರಕ್ಕೂ ಹೆಚ್ಚು ಇವೆ. ಶ್ರೀಮಂತರು ತಮ್ಮ ತೋಟದ ದ್ರಾಕ್ಷಿಯ ಮದ್ಯವನ್ನು ಮನೆಯ ಬಾಗಿಲು ತೆರೆಯದೆ ಇದರಿಂದ ಮಾರುತ್ತಿದ್ದರು. 1630ರ ದಶಕದಲ್ಲಿ ಪ್ಲೇಗ್ ಬಂದಾಗ ಒಬ್ಬರನ್ನೊಬ್ಬರು ಮುಟ್ಟದೆ ವ್ಯಾಪಾರ ಮಾಡೋಕೆ ಈ ಕಿಂಡಿಗಳು ಅನುಕೂಲವಾದವು. 2020ರಲ್ಲಿ ಕೊರೊನಾ ಬಂದಾಗ ಮುಚ್ಚಿಹೋಗಿದ್ದ ಕೆಲವು ಕಿಂಡಿಗಳನ್ನು ಮತ್ತೆ ತೆರೆದು ಕಾಫಿ, ಐಸ್‌ಕ್ರೀಮು ಕೊಟ್ಟರು.

ಕಂಪ್ಯೂಟರ್ ಇಟ್ಟ ತೂತು: ಇದು ನಮ್ಮ ದೇಶದ್ದು. 1999ರ ಜನವರಿ 26ರಂದು ದೆಹಲಿಯ ಕಾಲ್ಕಾಜಿಯಲ್ಲಿ ಸುಗತ ಮಿತ್ರ ಅನ್ನೋ ವಿಜ್ಞಾನಿ ಮತ್ತು ಅವರ ಜೊತೆಯವರು ಒಂದು ಪ್ರಯೋಗ ಮಾಡಿದರು. ಅವರ ಕಚೇರಿಗೂ ಪಕ್ಕದ ಕೊಳೆಗೇರಿಗೂ ನಡುವೆ ಒಂದು ಗೋಡೆ ಇತ್ತು. ಆ ಗೋಡೆಯಲ್ಲಿ ತೂತು ಮಾಡಿ ಒಂದು ಕಂಪ್ಯೂಟರ್ ಕೂರಿಸಿದರು. ಹೇಗೆ ಬಳಸಬೇಕು ಅಂತ ಯಾರಿಗೂ ಹೇಳಿಕೊಡಲಿಲ್ಲ. ಇಂಗ್ಲಿಷ್ ಸರಿಯಾಗಿ ಬಾರದ, ಕಂಪ್ಯೂಟರನ್ನೇ ನೋಡಿರದ ಮಕ್ಕಳು ತಾವೇ ಮುಟ್ಟಿ, ಒತ್ತಿ, ಒಬ್ಬರಿಗೊಬ್ಬರು ತೋರಿಸಿಕೊಂಡು ಅದನ್ನು ನಡೆಸೋದು ಕಲಿತರು. ಈ ಪ್ರಯೋಗದ ಹೆಸರೇ ‘ಹೋಲ್ ಇನ್ ದಿ ವಾಲ್’. 2013ರಲ್ಲಿ ಸುಗತ ಮಿತ್ರರಿಗೆ ಟೆಡ್ ಪ್ರಶಸ್ತಿ ಬಂತು. ಆದರೆ ಶಿಕ್ಷಕರಿಲ್ಲದೆ ಮಕ್ಕಳು ಎಲ್ಲವನ್ನೂ ಕಲಿಯೋಕೆ ಆಗಲ್ಲ ಅಂತ ವಾದ ಮಾಡಿದ ವಿದ್ವಾಂಸರೂ ಇದ್ದಾರೆ. ನನ್ನನ್ನು ಕೇಳಿದರೆ ಅವರು ಹೇಳಿದ್ದರಲ್ಲೂ ಅರ್ಥ ಇದೆ. ಮೇಷ್ಟ್ರಿಲ್ಲದೆ ನಾನು ಒಬ್ಬಳೇ ಅರ್ಥ ಮಾಡಿಕೊಂಡಾಗ ಏನಾಯಿತು ಅಂತ ಮೇಲೆ ಬರೆದಿದ್ದೇನಲ್ಲ.

ಕನ್ನಡದಲ್ಲಿ ಏನನ್ನಬಹುದು?

ಮೇಷ್ಟ್ರು ‘ಇದಕ್ಕೆ ಕನ್ನಡದಲ್ಲಿ ಸರಿಯಾದ ಪದ ಹುಡುಕಿಕೊಂಡು ಬಾ’ ಅಂತ ಹೋಂವರ್ಕ್ ಕೊಟ್ಟರು. ಎರಡು ದಿನ ಯೋಚನೆ ಮಾಡಿದೆ. ‘ಗೋಡೆ ತೂತು’ ಅಂತೂ ಬೇಡ, ಅದರಿಂದ ಆದದ್ದು ಸಾಕು.

ತೂತಿಗೆ ನಮ್ಮಲ್ಲಿ ಎಷ್ಟೊಂದು ಪದ ಇವೆ! ಗೋಡೆಯಲ್ಲಿ ಬೆಳಕು ಬರೋಕೆ ಬಿಟ್ಟ ಜಾಗ ಕಿಂಡಿ. ಉಡುಪಿಯಲ್ಲಿ ಕನಕದಾಸರಿಗೆ ಕೃಷ್ಣ ದರ್ಶನ ಕೊಟ್ಟ ಅಂತ ಪ್ರತೀತಿ ಇರುವ ಜಾಗವನ್ನು ಕನಕನ ಕಿಂಡಿ ಅನ್ನುತ್ತೇವೆ. ಅದನ್ನು ಯಾರಾದರೂ ತೂತು ಅಂತಾರಾ? ಎತ್ತರದಲ್ಲಿ ಇರೋದು ಗವಾಕ್ಷಿ. ಕನ್ನಡ ಮೇಡಂ ಅದನ್ನು ಬಿಡಿಸಿ ಹೇಳಿದರು. ಗವ ಅಂದರೆ ಗೋವು, ಅಕ್ಷಿ ಅಂದರೆ ಕಣ್ಣು. ಗೋವಿನ ಕಣ್ಣಿನ ಆಕಾರದ ಕಿಟಕಿ. ಇಂಗ್ಲಿಷಿನ ‘ವಿಂಡೋ’ ಪದವನ್ನು ಬಿಡಿಸಿದರೂ ಕಣ್ಣೇ ಸಿಗುತ್ತೆ. ಹಳೆಯ ನಾರ್ಸ್ ಭಾಷೆಯಲ್ಲಿ ಅದಕ್ಕೆ ‘ಗಾಳಿಯ ಕಣ್ಣು’ ಅಂತ ಅರ್ಥ. ಅವರಿಗೂ ನಮಗೂ ಗೋಡೆಯ ತೂತು ಕಣ್ಣಿನ ಹಾಗೆ ಕಂಡಿದೆ ಅಂದರೆ ಆಶ್ಚರ್ಯ ಅಲ್ಲವೇ?

ಗೋಡೆಯಲ್ಲಿ ದೀಪ ಇಡೋ ಜಾಗಕ್ಕೆ ಗೂಡು ಅನ್ನುತ್ತೇವೆ. ಹಕ್ಕಿಯ ಮನೆಗೂ ಗೂಡೇ. ಆಗ ಹೊಳೆಯಿತು, ಗೂಡಂಗಡಿ! ಬೀಡಿ, ಬಾಳೆಹಣ್ಣು, ಪೆಪ್ಪರಮಿಂಟು ಮಾರುವ ಪುಟ್ಟ ಅಂಗಡಿಗೆ ನಾವು ಯಾವಾಗಲೂ ಗೂಡಂಗಡಿ ಅನ್ನುತ್ತೇವೆ. ಅದರಲ್ಲಿ ಕುಳಿತವರಿಗೆ ಬೇಜಾರಿಲ್ಲ, ಕರೆಯುವವರಿಗೆ ಕೀಳು ಭಾವ ಇಲ್ಲ. ಗೂಡಂಗಡಿ ಹೆಚ್ಚಾಗಿ ಬೇರೆಯಾಗಿ ನಿಂತ ಪೆಟ್ಟಿಗೆ, ಹೋಲ್ ಇನ್ ದಿ ವಾಲ್ ಕಟ್ಟಡದೊಳಗೆ ಸೇರಿದ್ದು. ಆದ್ದರಿಂದ ಎರಡೂ ಪೂರ್ತಿ ಒಂದೇ ಅಲ್ಲ. ಆದರೆ ಭಾವ ಹತ್ತಿರ ಇದೆ. ಹೋಟೆಲು ಆದರೆ ‘ಗೂಡು ಹೋಟೆಲು’ ಅನ್ನಬಹುದು ಅಂತ ನಾನು ಬರೆದುಕೊಂಡು ಹೋದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ರೈಟ್ ಹಾಕಿದರು.

ಮುಂದೇನಾಯಿತು?

ಎಲ್ಲ ತಿಳಿದಮೇಲೂ ಒಂದು ಉಳಿದಿತ್ತು. ಮೇಷ್ಟ್ರ ಎರಡನೇ ಪ್ರಶ್ನೆ. ಆ ನಾಲ್ಕು ಪದಕ್ಕೆ ಮುಂಚೆ ಅವರು ಏನಂದಿದ್ದರು? ಕೊಳಕು ಅಂದಿದ್ದರೆ? ಅದು ಗೊತ್ತಾಗದೆ ಅಮ್ಮನಿಗೆ ಹೇಳೋದಾದರೂ ಏನು? ನನಗೆ ಸಮಾಧಾನ ಆಗಲಿ ಅಂತ ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ.

ಅದನ್ನು ಹೇಳಿದ್ದು ನಮ್ಮ ತಮ್ಮ. ಅವನು ಒಂದನೇ ತರಗತಿ. ಯಾರು ಏನೇ ಅಂದರೂ ಗಿಣಿಯ ಹಾಗೆ ಅದನ್ನೇ ಹೇಳಿಕೊಂಡು ತಿರುಗುತ್ತಾನೆ. ಬಸ್ಸಿನ ಕಂಡಕ್ಟರ್ ಕೂಗಿದ್ದು, ಐಸ್‌ಕ್ಯಾಂಡಿಯವನು ಕೂಗಿದ್ದು ಎಲ್ಲ ಅವನ ಬಾಯಲ್ಲಿ. ಆ ಭಾನುವಾರದಿಂದ ಅವನು ಟೈರು ಹೊಡೆದುಕೊಂಡು ಓಡುವಾಗ ‘ಲವ್ಲಿಲಿಟಲ್ ಹೋಲಿಂದೋಲ್, ಲವ್ಲಿಲಿಟಲ್ ಹೋಲಿಂದೋಲ್’ ಅಂತ ಹಾಡುತ್ತಿದ್ದ. ಅವನದೇ ಏನೋ ಹಾಡು ಅಂದುಕೊಂಡು ನಾವ್ಯಾರೂ ಕಿವಿ ಕೊಟ್ಟಿರಲಿಲ್ಲ. ಒಂದು ಸಂಜೆ ನಾನು ಪಾತ್ರೆ ತೊಳೆಯುವಾಗ ಅವನು ಬಾಗಿಲ ಹತ್ತಿರ ಹಾಗೆ ಹಾಡಿಕೊಂಡು ಹೋದ. ಕೈಯಲ್ಲಿದ್ದ ತಟ್ಟೆ ಕೆಳಗೆ ಬಿತ್ತು. ‘ಏಯ್, ಇನ್ನೊಂದು ಸಲ ಹೇಳು’ ಅಂದೆ. ‘ಕಾರಲ್ಲಿ ಬಂದಿದ್ದ ಅಂಕಲ್ ಅಂದ್ರಲ್ಲ’ ಅಂದ.

‘ಲವ್ಲಿ’ ಅಂದರೆ ಮುದ್ದಾದ, ಚೆಂದದ. ‘ಲಿಟಲ್’ ಅಂದರೆ ಪುಟ್ಟ. ಅಂದರೆ ಅವರು ಹೇಳಿದ್ದು, ‘ಎಷ್ಟು ಚೆಂದದ ಪುಟ್ಟ ಗೂಡು ಹೋಟೆಲು’ ಅಂತ. ಇಂಗ್ಲಿಷ್ ಕಲಿತ ನಾನು ಅರ್ಧ ಕೇಳಿಸಿಕೊಂಡು ತಪ್ಪು ಹೇಳಿದೆ. ಒಂದಕ್ಷರ ಇಂಗ್ಲಿಷ್ ಬಾರದ ಅವನು ಪೂರ್ತಿ ಕೇಳಿಸಿಕೊಂಡಿದ್ದ.

ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಲಂಡನ್ನಿನ ಅಂಗಡಿಯಿಂದ ಹಿಡಿದು ಗವಾಕ್ಷಿಯವರೆಗೂ ಹೇಳಿದೆ. ತಪ್ಪು ನನ್ನದು ಅಂತಾನೂ ಹೇಳಿದೆ. ಅಮ್ಮ ಪೂರ್ತಿ ಕೇಳಿ, ‘ಅದಕ್ಕೇ ಅನ್ಕೊಂಡೆ, ತೂತು ಅನ್ನೋರು ಎರಡು ಸಲ ಚಟ್ನಿ ಯಾಕೆ ಹಾಕಿಸ್ಕೊಂಡ್ರು ಅಂತ’ ಅಂದಳು. ನನಗೆ ನಗು ಅಳು ಎರಡೂ ಬಂತು. ಆಮೇಲೆ ಅಮ್ಮ ಇನ್ನೊಂದು ಮಾತು ಹೇಳಿದಳು. ‘ಅವರು ಅಂದಿದ್ದಕ್ಕೆ ನನಗೆ ಅಷ್ಟು ನೋವಾಗ್ಲಿಲ್ಲ. ಅವರು ದಾರೀಲಿ ಹೋಗೋರು. ನೀನು ಹೇಳ್ದಾಗ ನಿನ್ನ ಮುಖದಲ್ಲಿ ನಾಚಿಕೆ ಇತ್ತಲ್ಲ, ಅದಕ್ಕೆ ಆಯ್ತು.’

ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ನಿಜ ಆದ್ದರಿಂದ ಬರೆದೆ. ನನಗೆ ಆವತ್ತು ಆ ಗಿಡ್ಡ ಬಾಗಿಲು ನಾಚಿಕೆ ಅನ್ನಿಸಿತ್ತು. ಅದಕ್ಕೇ ‘ತೂತು’ ಅನ್ನೋ ಅರ್ಥ ಅಷ್ಟು ಬೇಗ ಹೊಳೆಯಿತು. ಈಗ ಹಾಗಿಲ್ಲ. ಬಾಗಿಲು ಒಡೆಸಲಿಲ್ಲ. ಡಬ್ಬಿಯ ದುಡ್ಡಿನಲ್ಲಿ ಹೆಂಚು ಬದಲಾಯಿಸಿದ್ದೇವೆ. ಈ ಮಳೆಗಾಲದಲ್ಲಿ ಒಂದೇ ಕಡೆ ಸೋರಿತು, ಅದೂ ಸ್ವಲ್ಪ. ಬಾಗಿಲಿನ ಮೇಲಿನ ಚೌಕಟ್ಟಿಗೆ ಮಾತ್ರ ಹಳೆಯ ಗೋಣಿಚೀಲ ಸುತ್ತಿದ್ದೇವೆ, ಎತ್ತರದವರ ಹಣೆಗೆ ಪೆಟ್ಟಾಗದಿರಲಿ ಅಂತ.

ನೆನಪಿಡಬೇಕಾದ ಅಂಶಗಳು

1. ನುಡಿಗಟ್ಟನ್ನು ಪದ ಪದ ಬಿಡಿಸಿ ಅರ್ಥ ಹೇಳಬಾರದು.
2. ‘ಹೋಲ್ ಇನ್ ದಿ ವಾಲ್’ ಅಂದರೆ ಚಿಕ್ಕ, ಸಾದಾ ಅಂಗಡಿ ಅಥವಾ ಹೋಟೆಲು. ಬ್ರಿಟನ್ನಿನಲ್ಲಿ ದುಡ್ಡಿನ ಯಂತ್ರ ಕೂಡ.
3. ಹೊಗಳಿಕೆಯೋ ತೆಗಳಿಕೆಯೋ ಅಂತ ಹಿಂದಿನ ಮುಂದಿನ ಪದಗಳಿಂದ ತಿಳಿಯಬೇಕು.
4. ಅರ್ಧ ಕೇಳಿದ ಮಾತನ್ನು ಇನ್ನೊಬ್ಬರಿಗೆ ಹೇಳಬಾರದು.

ಯೋಚಿಸಿ ಉತ್ತರಿಸಿ

ಅ) ‘ಆನ್ ದಿ ವಾಲ್’, ‘ಇನ್ ದಿ ವಾಲ್’ ಎರಡಕ್ಕೂ ನಮ್ಮ ಶಾಲೆಯ ಗೋಡೆಯಿಂದಲೇ ಎರಡೆರಡು ಉದಾಹರಣೆ ಕೊಡಿ.
ಆ) ಗುಪ್ತ ಸಂಖ್ಯೆ ನಾಲ್ಕು ಅಂಕಿ ಆಗಲು ಕಾರಣ ಯಾರು?
ಇ) ನಮ್ಮ ಊರಿನಲ್ಲಿ ಇರುವ ‘ಗೂಡು’ ಅಂಗಡಿಗಳು ಎಷ್ಟು? ಹೆಸರು ಬರೆಯಿರಿ.

ಉತ್ತರಗಳನ್ನು ಶನಿವಾರದೊಳಗೆ ಪತ್ರಿಕೆಯ ಕೆಳಗಿರುವ ರಟ್ಟಿನ ಡಬ್ಬಿಗೆ ಹಾಕಿ. ಸರಿಯಾಗಿ ಬರೆದವರ ಹೆಸರು ಮುಂದಿನ ಸಂಚಿಕೆಯಲ್ಲಿ ಬರುತ್ತದೆ.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಅಂತ ಹಿರಿಯರು ಹೇಳಿದ್ದಾರೆ. ನಮ್ಮ ಹೋಟೆಲಿನಲ್ಲಿ ಊಟ ಮೊದಲಿಂದ ಸರಿಯಾಗಿತ್ತು, ಮಾತು ಈಗ ಸರಿಯಾಗಿದೆ. ಬರವಣಿಗೆಯಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು, ಗೆಳೆಯರು ಕ್ಷಮಿಸಬೇಕು. ನಮ್ಮ ಹೋಟೆಲಿಗೆ ಎಲ್ಲರೂ ಬನ್ನಿ. ತಲೆ ತಗ್ಗಿಸಿ ಬನ್ನಿ.

ಇಂತಿ ನಿಮ್ಮ ಗೆಳತಿ,
ಏಳನೇ ತರಗತಿ